ಬಿಸಿಲಿಗೆ ಓಡಿಹೋದ ಕೆಂಪು

ನಮ್ಮ ಬೇಸ್ ಅಣ್ಣನ ಬಲಗೈಯ ಎರಡು ಬೆರಳುಗಳ ತುದಿ ಒಣಕೊಬ್ಬರಿಯಷ್ಟು ಗಟ್ಟಿಯಾಗಿತ್ತು. ದಪ್ಪ ತಂತಿಗಳನ್ನು ಮೀಟಿ ಮೀಟಿ ಹಾಗಾಗಿತ್ತು. ಶಿವಾಜಿನಗರದ ಹೋಟೆಲಿನಲ್ಲಿ ನಾವೆಲ್ಲ ಕುದಿಯುವ ಟೀ ಲೋಟಕ್ಕೆ ಕರ್ಚೀಫು ಸುತ್ತಿಕೊಂಡು ಊದುತ್ತಿದ್ದರೆ, ಅವರು ಲೋಟವನ್ನು ಆರಾಮಾಗಿ ಹಿಡಿದು ಕುಡಿದು ಮುಗಿಸಿ, "ಇನ್ನೊಂದು ಹೇಳ್ಲಾ?" ಎನ್ನುತ್ತಿದ್ದರು.

ನಮ್ಮ ಆರ್ಕೆಸ್ಟ್ರಾದಲ್ಲಿ ಅವರದು ಬೇಸ್ ಗಿಟಾರ್, ನನ್ನದು ಹಾಡು. ಅವರು ಮಹದೇವಪುರದ ಹಳೆಯ ರೈತರ ಮನೆಯವರು. ಹೊಲದ ಜಾಗದಲ್ಲಿ ಮನೆಗಳೆದ್ದಿದ್ದವು. ಬಾಡಿಗೆ ಬರುತ್ತಿತ್ತು, ಅಣ್ಣ ಬೇಸ್ ಬಾರಿಸಿಕೊಂಡಿದ್ದರು. ಹಲಸೂರಿನ ಗಣೇಶನ ಪೆಂಡಾಲಿನಲ್ಲಿ ನಾನು ಮೊದಲ ಸಲ ಮೈಕು ಹಿಡಿದಾಗ ಎರಡನೇ ಸಾಲಿಗೇ ಶ್ರುತಿ ತಪ್ಪಿತು. ಕೀಬೋರ್ಡಿನವನು ಮುಖ ಕಿವುಚಿದ, ತಬಲಾದವನು ನಕ್ಕ. ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನುಡಿಸುತ್ತಿದ್ದುದನ್ನೆಲ್ಲ ಬಿಟ್ಟು ಷಡ್ಜವೊಂದನ್ನೇ ಹಿಡಿದು ನಿಂತರು, ನಾನು ಬಂದು ಸೇರುವ ತನಕ. ಇವತ್ತು ಲಿಂಗರಾಜಪುರದಲ್ಲಿ ನಾಲ್ಕು ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದೇನೆಂದರೆ ಅದು ಆ ಸ್ವರದ ಪುಣ್ಯ.

ಆದರೆ ಅವರು ಹೆಸರಾಗಿದ್ದು ನುಡಿಸುವುದಕ್ಕಿಂತ ಹೆಚ್ಚಾಗಿ ಬಣ್ಣ ಗುರುತಿಸುವುದಕ್ಕೆ. ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ಮೈಮೇಲೆ ಸನ್‌ಬರ್ಸ್ಟ್ ಎಂಬ ಬಣ್ಣವಿರುತ್ತದೆ. ನಡುವೆ ಹೊಳೆಯುವ ಹಳದಿ, ಅಂಚಿಗೆ ಹೋಗುತ್ತ ಕಪ್ಪು. ಕೆಲವುಗಳಲ್ಲಿ ಇವೆರಡರ ನಡುವೆ ಕೆಂಪಿನ ಬಳೆ. ಇನ್ನು ಕೆಲವುಗಳ ಅಂಚು ಕಪ್ಪಲ್ಲ, ಹೊಗೆಸೊಪ್ಪಿನ ಕಂದು. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅಣ್ಣ ತಮ್ಮದೇ ಹೆಸರಿಟ್ಟಿದ್ದರು: ಎರಡು ಬಣ್ಣದ್ದು 'ಅರಿಶಿನ ಕಾಡಿಗೆ', ಮೂರು ಬಣ್ಣದ್ದು 'ಅರಿಶಿನ ಕುಂಕುಮ ಕಾಡಿಗೆ', ಕಂದಿನದು 'ಬೀಡಿ'. ಯಾರಾದರೂ ತಮ್ಮ ಗಿಟಾರಿನ ಫೋಟೋ ಕಳಿಸಿ ಯಾವ ಬಣ್ಣದ್ದೆಂದು ಕೇಳಿದರೆ ರೇಗುತ್ತಿದ್ದರು. "ಫೋನಲ್ಲಿ ಬಣ್ಣ ನೋಡೋಕಾಗುತ್ತೇನ್ರೀ? ಹೊಸ್ತಿಲಿಗೆ ತಗೊಂಡ್ಬನ್ನಿ. ಟ್ಯೂಬ್‌ಲೈಟಲ್ಲಿ ಎಲ್ಲಾರೂ ಕಾಮಾಲೆ ಬಂದೋರೇ."

ಈ ಕೆಲಸದಲ್ಲಿ ಅವರಿಗೊಬ್ಬ ಜೊತೆಗಾರ. ನಮ್ಮ ಆರ್ಕೆಸ್ಟ್ರಾದ ಲೀಡ್ ಗಿಟಾರಿಸ್ಟ್, ಶಿವಾಜಿನಗರದಲ್ಲಿ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದ ಭಾಯ್. ಕಣ್ಣು ಅಣ್ಣನದು, ಸ್ಕ್ರೂಡ್ರೈವರ್ ಭಾಯ್‌ದು. ಒಮ್ಮೆ ಇಂದಿರಾನಗರದ ಹುಡುಗನೊಬ್ಬ ಎರಡು ಬಣ್ಣದ ಗಿಟಾರೆಂದು ಹಿಗ್ಗುತ್ತ ತಂದ. ಅಣ್ಣ ಅದನ್ನು ಬೆಳಕಿಗೆ ಹಿಡಿದು, "ಬಿಚ್ಚು ಭಾಯ್" ಎಂದರು. ತಂತಿಗಳ ಕೆಳಗಿನ ಪ್ಲಾಸ್ಟಿಕ್ ತಟ್ಟೆ ತೆಗೆದಾಗ ಅದರಡಿಯಲ್ಲಿ ಕೆಂಪು ಹೊಸದಾಗಿ ಕೂತಿತ್ತು. "ನೋಡಪ್ಪಾ, ಇದು ಮೂರು ಬಣ್ಣದ್ದೇ. ಕೆಂಪು ಇದ್ಯಲ್ಲ, ಬಿಸ್ಲಿಗೆ ಮೊದ್ಲು ಓಡಿಹೋಗೋದೇ ಅದು. ತಟ್ಟೆ ಕೆಳಗೆ ಬಿಸ್ಲು ಬೀಳಲ್ಲ, ಅಲ್ಲಿ ಉಳ್ಕೊಳತ್ತೆ." ತನ್ನ ಗಿಟಾರಿನ ಅಸಲಿ ಬಣ್ಣ ಗೊತ್ತಾಯಿತೆಂದು ಹುಡುಗ ಖುಷಿಯಾಗಿ ಇಬ್ಬರ ಕೈಯನ್ನೂ ಕುಲುಕಿ ಹೋದ.

ಆಮೇಲೆ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿಕೊಂಡು ಹಾಡುವ ಕಾಲ ಬಂತು, ಆರ್ಕೆಸ್ಟ್ರಾ ನಿಂತಿತು. ಅಣ್ಣನ ಮನೆಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿತ್ತು. ತಮ್ಮ ಮೂರು ಬಣ್ಣದ ಬೇಸನ್ನು ಭಾಯ್ ಅಂಗಡಿಯಲ್ಲಿ ಇಟ್ಟುಬಂದರು. ಇಬ್ಬರೂ ಫೋನಿನಲ್ಲೇ ಹರಟುತ್ತಿದ್ದರು. ಟಿನ್ ಫ್ಯಾಕ್ಟರಿಯ ಟ್ರಾಫಿಕ್ ದಾಟಿ ಶಿವಾಜಿನಗರಕ್ಕೆ ಹೋಗುವುದೆಂದರೆ ಅಣ್ಣನಿಗೆ ಪರದೇಶಕ್ಕೆ ಹೋದ ಹಾಗೆ. ಹೀಗೇ ವರ್ಷಗಳು ಕಳೆದವು.

ಮನೆಯ ಮಹಡಿ ಕಟ್ಟಿಸಿದ ಮೇಲೆ ಬೇಸ್ ತರಲು ಹೊರಟರು, ನನ್ನನ್ನೂ ಕರೆದುಕೊಂಡು ಹೋದರು. ಭಾಯ್ ಅದನ್ನು ಕಿಟಕಿಯೆದುರಿನ ಗೋಡೆಗೆ ನೇತುಹಾಕಿದ್ದರು, ಎಲ್ಲರಿಗೂ ಕಾಣಲಿ ಎಂದು. ಅಣ್ಣ ಇಳಿಸಿಕೊಂಡು ಬಾಗಿಲಿಗೆ ಬಂದು ಬೆಳಕಿಗೆ ಹಿಡಿದರು. ಮುಖ ಗಂಟಾಯಿತು.

"ಇದು ನಂದಲ್ಲ. ನಂದ್ರಲ್ಲಿ ಕೆಂಪಿತ್ತು."

"ಅರೆ ಅಣ್ಣಾ, ಅದೇ ಇದು! ಸಾಯಂಕಾಲ ಬಿಸ್ಲು ಬೀಳ್ತದೆ ಇಲ್ಲಿ, ನೀವೇ ಹೇಳ್ತಿದ್ರಲ್ಲ" ಎಂದರು ಭಾಯ್.

"ಯಾರಿಗೆ ಹೇಳ್ತಿದ್ದೀಯ? ಊರೋರ ಬಣ್ಣ ಎಲ್ಲಾ ಹೇಳ್ದೋನಿಗೆ ನಂದು ಗೊತ್ತಾಗಲ್ವಾ? ನಂದು ಯಾರಿಗೆ ಕೊಟ್ಟೆ, ತಂದಿಡು. ಆಮೇಲೆ ಮಾತು."

ಭಾಯ್ ಮುಖ ಬಿಳಿಚಿಕೊಂಡಿತು. ಸ್ಕ್ರೂಡ್ರೈವರ್ ಅಲ್ಲೇ ಗಲ್ಲಾಪೆಟ್ಟಿಗೆಯ ಮೇಲಿತ್ತು. "ಬಿಚ್ಚಿ ನೋಡೋಣ ಅಣ್ಣಾ" ಎಂದು ನಾನೆಂದೆ. "ನೋಡೋದೇನಿದೆ?" ಎಂದು ಬೇಸನ್ನು ಪರದೆ ಬಟ್ಟೆಗಳ ಮೇಲೆ ಇಟ್ಟು ಮೆಟ್ಟಿಲಿಳಿದೇಬಿಟ್ಟರು. ಭಾಯ್ ಕೈಯೂ ಸ್ಕ್ರೂಡ್ರೈವರ್ ಕಡೆ ಹೋಗಲಿಲ್ಲ.

ಅಲ್ಲಿಗೆ ಮುಗಿಯಿತು. ಫೋನೂ ನಿಂತಿತು. ಭಾಯ್ ಮಗಳ ಮದುವೆಯ ಕಾರ್ಡು ಬಂದರೂ ಅಣ್ಣ ಹೋಗಲಿಲ್ಲ. ನಾನು ಮಾತೆತ್ತಿದರೆ ಮಳೆಯ ವಿಷಯ ತೆಗೆಯುತ್ತಿದ್ದರು.

ಕಾಯಿಲೆ ಬಿದ್ದು ಮಂಚ ಹಿಡಿದಾಗ ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು. "ಅದು ನಂದೇ ಕಣಮ್ಮಾ. ಹಿಂಭಾಗದಲ್ಲಿ ನನ್ನ ಬೆಲ್ಟ್ ತಿಕ್ಕಿದ್ ಗಾಯ ಇತ್ತು. ಅವತ್ತೇ ಕೈಗೆ ಸಿಕ್ತು."

"ಮತ್ತೆ ಯಾಕಣ್ಣಾ?"

"ಮಾತು ಆಗ್ಲೇ ಬಾಯಿಂದ ಹೋಗ್ಬಿಟ್ಟಿತ್ತು. ನೀನು ಬೇರೆ ಪಕ್ಕದಲ್ಲಿದ್ದೆ. ತಪ್ಪಾಯ್ತು ಅನ್ನೋಕೆ ನಾಲಿಗೆ ಹೊರಳ್ಲಿಲ್ಲ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಈಗಲೇ ಫೋನ್ ಮಾಡುತ್ತೇನೆ ಎಂದೆ. "ಬೇಡ, ಫೋನಲ್ಲಿ ಬೇಡ. ಸ್ವಲ್ಪ ಎದ್ದು ಓಡಾಡೋ ಹಂಗಾಗ್ಲಿ, ನಾನೇ ಹೋಗಿ ಅವ್ನ್ ಅಂಗ್ಡೀಲಿ ಕೂತ್ಕೊಂಡು ಹೇಳ್ತೀನಿ. ನೀನು ಬಾಯ್ಬಿಡ್ಬೇಡ." ಅವರು ಏಳಲಿಲ್ಲ. ನನ್ನ ಶ್ರುತಿ ತಪ್ಪಿದಾಗ ಕಾದು ನಿಂತ ಮನುಷ್ಯನಿಗೆ, ತಮ್ಮದು ತಪ್ಪಿದಾಗ ಹಿಂದಿರುಗುವ ದಾರಿ ಸಿಗದೇ ಹೋಯಿತು.

ಹದಿಮೂರನೇ ದಿನದ ಕಾರ್ಯ ಮುಗಿದ ಮೇಲೆ ನಾನು ಶಿವಾಜಿನಗರಕ್ಕೆ ಹೋಗಿ ಭಾಯ್‌ಗೆ ಎಲ್ಲವನ್ನೂ ಹೇಳಿದೆ. ಅವರು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿಸಿಕೊಂಡರು. ಬೇಸ್ ಈಗ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು.

"ನೀವಾದ್ರೂ ಅವತ್ತು ಬಿಚ್ಚಿ ತೋರಿಸ್ಬಹುದಿತ್ತಲ್ಲ ಭಾಯ್?"

"ಬೇರೆಯವ್ರಿಗಾದ್ರೆ ಬಿಚ್ತಿದ್ದೆ. ಅವ್ರಿಗೂ ಬಿಚ್ಚಿ ತೋರಿಸ್ಬೇಕಾ?" ಅವರು ಬಟ್ಟೆ ಸರಿಸಿ ಬೇಸನ್ನು ನನ್ನ ಮುಂದೆ ತಂದರು. "ನಿಮ್ಗೆ ಡೌಟಿದ್ರೆ ಹೇಳಿ ಅಮ್ಮಾ. ಈಗ್ಲೇ ಬಿಚ್ತೀನಿ."

"ಬೇಡ ಭಾಯ್. ನೀವು ಹೇಳಿದ್ಮೇಲೆ ಮುಗೀತು" ಎಂದೆ.

ಭಾಯ್ ತಲೆಯಾಡಿಸಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅವರು ಇಷ್ಟು ವರ್ಷ ಕಾದಿದ್ದು ಆ ಮಾತಿಗೇ. ಆದರೆ ಅದನ್ನು ಹೇಳಬೇಕಾಗಿದ್ದವಳು ನಾನಲ್ಲ.