ಮೂರು ಅಕ್ಷರಕ್ಕೆ ಅರ್ಧ ಗಂಟೆ

ನಮ್ಮ ಮಾವ ವಿದ್ಯುತ್ ಕಚೇರಿಯ ಮೀಟರ್ ರಿಪೇರಿ ವಿಭಾಗದಲ್ಲಿ ಮೂವತ್ತಮೂರು ವರ್ಷ ದುಡಿದವರು. ಮನೆಗಳಿಂದ ಕಿತ್ತು ತಂದ ಮೀಟರುಗಳನ್ನು ಬಿಚ್ಚಿ, ಸುಳ್ಳು ಹೇಳುತ್ತಿರುವುದು ಮೀಟರೋ ಮನೆಯವರೋ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಕಚೇರಿಯವರಿಗೂ ಮನೆಯವರಿಗೂ ಒಟ್ಟಿಗೇ ಬೇಡವಾದ ಮನುಷ್ಯ ಎಂದು ಅತ್ತೆ ನಗುತ್ತಿದ್ದರು. ನಿವೃತ್ತರಾದ ಮೇಲೆ ಕೈ ನಡುಗುವ ಕಾಯಿಲೆ ಅಂಟಿಕೊಂಡಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅಂಗಿಯ ಗುಂಡಿಯನ್ನು ಅತ್ತೆಯೇ ಹಾಕಿಕೊಡಬೇಕಾಗಿತ್ತು.

ಅಂಥವರ ಹವ್ಯಾಸ ರೇಡಿಯೋ. ಹಾಡು ಕೇಳುವ ರೇಡಿಯೋ ಅಲ್ಲ, ಲೈಸೆನ್ಸ್ ಪಡೆದು ತಾವೇ ಸಂಕೇತ ಕಳಿಸುವ ರೇಡಿಯೋ. ಅದರಲ್ಲೂ ಅವರು ಹಿಡಿದದ್ದು ಯಾರಿಗೂ ಬೇಡವಾದ ತೀರ ತಗ್ಗಿನ ತರಂಗಗಳನ್ನು. ಒಂದೊಂದು ಅಲೆಯೂ ಎರಡು ಕಿಲೋಮೀಟರಿಗಿಂತ ಉದ್ದ. ತಕ್ಕ ಆಂಟೆನಾ ಕಟ್ಟಲು ಹೊರಟರೆ ಊರಿಗೆಲ್ಲ ತಂತಿ ಎಳೆಯಬೇಕು. ಮಾವನಿಗೆ ಸಿಕ್ಕಿದ್ದು ನಮ್ಮ ತಾರಸಿಯ ನೀರಿನ ಟ್ಯಾಂಕಿನಿಂದ ಹಿಂದಿನ ಗೋದಾಮಿನ ಕಂಬದವರೆಗಿನ ನಲವತ್ತು ಮೀಟರ್. ಅಷ್ಟು ಗಿಡ್ಡ ತಂತಿಗೆ ಎಷ್ಟು ವಿದ್ಯುತ್ ಹಾಕಿದರೂ ಬಹುಪಾಲು ಬಿಸಿಯಾಗಿ ಸೋರಿಹೋಗಿ, ನಿಜವಾಗಿ ಆಚೆ ಹೊರಡುವುದು ಟಾರ್ಚಿನ ಬಲ್ಬಿಗೂ ಸಾಲದಷ್ಟು. ಬಲ ಇಲ್ಲದವನಿಗೆ ತಾಳ್ಮೆಯೇ ಗತಿ. ಆದ್ದರಿಂದ ಹಳೆಯ ಟೆಲಿಗ್ರಾಂನ ಹಾಗೆ ಅಕ್ಷರಗಳನ್ನು ಚುಕ್ಕೆ, ಗೆರೆಗಳಾಗಿ ಒಡೆದು, ಒಂದು ಚುಕ್ಕೆಗೆ ಒಂದು ನಿಮಿಷ, ಒಂದು ಗೆರೆಗೆ ಮೂರು ನಿಮಿಷ. ಬರೀ ಮೂರು ಅಕ್ಷರ ಕಳಿಸಲು ಅರ್ಧ ಗಂಟೆ. ಅದು ಕಿವಿಗೆ ಕೇಳುವಂಥದ್ದಲ್ಲ. ದೂರದಲ್ಲಿ ಕೂತವನ ಕಂಪ್ಯೂಟರು ಗಾಳಿಯ ಗದ್ದಲವನ್ನೆಲ್ಲ ಬೂದು ಬಣ್ಣದ ಚಿತ್ರವಾಗಿಸುತ್ತದೆ. ಅದರೊಳಗೆ ತೆಳ್ಳನೆಯ ಬಿಳಿ ಗೆರೆಗಳು ಕಂಡರೆ ಸಂಕೇತ ಮುಟ್ಟಿತೆಂದು ಅರ್ಥ.

"ಇವರು ಒಂದು ಚುಕ್ಕೆ ಇಡೋ ಹೊತ್ತಿಗೆ ನಾನು ಒಂದು ಬಕೆಟ್ ಬಟ್ಟೆ ಹಿಂಡಿ ಹಾಕಿರ್ತೀನಿ," ಎನ್ನುತ್ತಿದ್ದರು ಅತ್ತೆ. "ಆಮೆಗೆ ಇವರನ್ನ ಕಂಡ್ರೆ ನಾಚ್ಕೆ ಆಗ್ಬೇಕು."

"ಆಮೆ ಗೆದ್ದಿದೆ ಕಣೇ," ಎನ್ನುತ್ತಿದ್ದರು ಮಾವ.

ನನಗೆ ನಗು ಬರುತ್ತಿರಲಿಲ್ಲ. ತಾರಸಿಯ ತಗಡಿನ ಗೂಡಿನಲ್ಲಿ ತೊಡೆ ಗಾತ್ರದ ಪ್ಲಾಸ್ಟಿಕ್ ಪೈಪಿಗೆ ಸುತ್ತಿದ ಸುರುಳಿಯೊಂದಿತ್ತು. ಸಂಕೇತ ಕಳಿಸುವಾಗ ಅದರ ತುದಿಯಲ್ಲಿ ಸಾವಿರಾರು ವೋಲ್ಟ್ ಇರುತ್ತದೆಂದು ಮಾವ ಒಮ್ಮೆ ಹೆಮ್ಮೆಯಿಂದ ಹೇಳಿಬಿಟ್ಟರು. ಆಗ ನನ್ನ ಮಗಳಿಗೆ ಒಂಬತ್ತು ತಿಂಗಳು, ಅಂಬೆಗಾಲಿನಲ್ಲಿ ಮನೆಯೆಲ್ಲ ಸುತ್ತುತ್ತಿದ್ದಳು. ತಾರಸಿಗೆ ಇಪ್ಪತ್ತೆರಡು ಮೆಟ್ಟಿಲು, ಗೂಡಿಗೆ ಬೀಗ, ಮಗು ಮೇಲೆ ಹೋಗುವುದಂತೂ ದೂರದ ಮಾತು. ನನಗೂ ಗೊತ್ತಿತ್ತು. ಗೊತ್ತಿದ್ದರೂ ದಿನಕ್ಕೆ ನಾಲ್ಕು ಸಲ ಬೀಗ ಎಳೆದು ನೋಡಿ ಬರುತ್ತಿದ್ದೆ. ಮಗು ಸೀನಿದರೆ ತಂತಿಯ ಕಡೆ ನೋಡುತ್ತಿದ್ದೆ. ಕಡೆಗೆ ತಂತಿ ಬಿಚ್ಚುತ್ತೇನೆಂದು ಮಾವನಿಂದ ಮಾತು ತೆಗೆದುಕೊಂಡು ಬನ್ನಿ ಎಂದು ಗಂಡನ ಬೆನ್ನು ಹತ್ತಿದೆ.

ಮಾವ ಒಂದೂ ಎದುರು ಮಾತಾಡಲಿಲ್ಲ. "ತಿಂಗಳ ಕೊನೆಗೆ ಬಿಚ್ತೀನಮ್ಮ. ಅಷ್ಟರಲ್ಲಿ ಅವನಿಗೆ ಒಂದೇ ಒಂದ್ಸಲ ಮುಟ್ಟಿದ್ರೆ ಸಾಕು."

'ಅವನು' ಎಂದರೆ ಎರಡು ಸಾವಿರ ಕಿಲೋಮೀಟರಿನಾಚೆ, ಸಮುದ್ರದ ಇನ್ನೊಂದು ದಡದಲ್ಲಿದ್ದ ಮುದುಕ. ಹಿಂದೆ ಹಡಗುಗಳಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವರು. ನಾವು 'ಹಡಗಿನ ತಾತ' ಎನ್ನುತ್ತಿದ್ದೆವು. ಮೂರು ವರ್ಷದಿಂದ ಇವರು ಕಳಿಸುವುದು, ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು. ಒಮ್ಮೆಯೂ ಮುಟ್ಟಿರಲಿಲ್ಲ.

ಈ ಆಟಕ್ಕೊಂದು ಕಟ್ಟುಪಾಡಿದೆ. ಕಳಿಸುವವನು ದಿನವೂ ಡಬ್ಬಿಯಿಂದ ಮೂರು ಚೀಟಿ ಎತ್ತಿ, ಬಂದ ಅಕ್ಷರಗಳನ್ನೇ ಕಳಿಸಬೇಕು. ಅವು ಯಾವುವೆಂದು ಆ ಕಡೆಯವನಿಗೆ ಗೊತ್ತಿರಬಾರದು. ಅವನು ಕಂಡದ್ದನ್ನು ಬರೆದು ಕಳಿಸಿದ ಮೇಲೆಯೇ ಹೋಲಿಸಿ ನೋಡುವುದು. ಕೈ ನಡುಗುವುದರಿಂದ ಮಾವನ ಮೇಲ್‌ಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ನಾನು. 'ಇಂದು ಏಳರಿಂದ ಒಂಬತ್ತು, ನಾಲ್ಕು ಸಲ' ಎಂದಷ್ಟೇ ಬರೆಯಬೇಕು.

ತಿಂಗಳು ಮುಗಿಯಲು ಹತ್ತು ದಿನ ಇದ್ದಾಗ, ಮಾವ ಎತ್ತಿ ಮೇಜಿನ ಮೇಲಿಟ್ಟಿದ್ದ ಚೀಟಿಗಳನ್ನು ನೋಡಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: 'ಇವತ್ತಿನ ಅಕ್ಷರಗಳು ಆರ್, ಕೆ, ಡಿ. ದಯವಿಟ್ಟು ಚೆನ್ನಾಗಿ ಹುಡುಕಿ.' ಕಳೆದ ಬೀಗದ ಕೈ ಹುಡುಕುವವರಿಗೆ ಅದು ಎಷ್ಟು ಉದ್ದ, ಯಾವ ಬಣ್ಣ ಎಂದು ಹೇಳಿದರೆ ಬೇಗ ಸಿಗುತ್ತದಲ್ಲ, ಹಾಗೆ ಅಂದುಕೊಂಡೆ. ಬೇಗ ಸಿಗಲಿ, ಮುದುಕರ ಆಸೆ ತೀರಲಿ, ತಂತಿ ಇಳಿಯಲಿ.

ಮರುದಿನ ಬೆಳಿಗ್ಗೆ ಉತ್ತರ ಬಂತು. 'ಆರ್, ಕೆ, ಡಿ. ಮೂರೂ ಕಂಡವು!' ಜೊತೆಗೆ ಚಿತ್ರ.

ಮಾವ ಅಡುಗೆಮನೆಗೆ ಓಡಿದರು. "ಮುಟ್ತು ಕಣೇ! ಸಮುದ್ರ ದಾಟ್ತು!"

"ನೀವು ಕಳಿಸಿದ್ದು ತಾನೇ? ಮದುವೆ ದಿನ ಕಳಿಸಿದ್ದಿರಬೇಕು, ಈಗ ಮುಟ್ಟಿದೆ," ಎಂದರು ಅತ್ತೆ. ಹೇಳುತ್ತಲೇ ಕಣ್ಣು ಒರೆಸಿಕೊಂಡರು.

ಮಾವ ತಮ್ಮ ರೇಡಿಯೋ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು. ಭಾನುವಾರದ ಸಭೆಯಲ್ಲಿ ಓದುತ್ತೇವೆಂದು ಅವರೂ ಕುಣಿದರು. ನಾನು ಚಿತ್ರ ತೆರೆದು ನೋಡಿದೆ. ಆರ್ ಎಂದರೆ ಚುಕ್ಕೆ, ಗೆರೆ, ಚುಕ್ಕೆ. ನನಗೂ ಸ್ಪಷ್ಟವಾಗಿ ಕಂಡಿತು. ಆದರೆ ನನಗೆ ಅಕ್ಷರ ಮೊದಲೇ ಗೊತ್ತಿತ್ತು. ಅಕ್ಷರಗಳ ವಿಷಯ ಒಂದೂ ಗೊತ್ತಿಲ್ಲದವರು ಮನೆಯಲ್ಲಿ ಒಬ್ಬರಿದ್ದರು. ಚಿತ್ರವನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆದು ಗಂಡನ ಮುಂದಿಟ್ಟೆ.

"ಬಿಳಿ ಗೆರೆ ಎಲ್ಲಿ ಚಿಕ್ಕದು, ಎಲ್ಲಿ ಉದ್ದ, ಪೆನ್ಸಿಲಲ್ಲಿ ಗುರುತು ಹಾಕ್ರೀ."

"ಇದೇನೇ, ನೀರು ಸೋರಿದ ಗೋಡೆ ಫೋಟೋನಾ?"

"ತಮಾಷೆ ಬೇಡ. ಸುಮ್ನೆ ಹಾಕಿ."

ಹಾಕಿದರು. ಒಂದೂ ತಾಳೆಯಾಗಲಿಲ್ಲ. ಗೆರೆ ಇರಬೇಕಾದ ಕಡೆ ಅವರಿಗೆ ಏನೂ ಕಂಡಿರಲಿಲ್ಲ. ಏನೂ ಇರಬಾರದ ಕಡೆ ಎರಡು ಗೆರೆ ಎಳೆದಿದ್ದರು. ಅದೇ ಚಿತ್ರದ ಹೊಸ ಹಾಳೆಯನ್ನು ಮೂರು ಸಲ ಕೊಟ್ಟೆ. ಮೂರು ಸಲವೂ ಬೇರೆ ಬೇರೆ ಗುರುತು.

ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಶನಿವಾರ ಸಂಜೆ ಮಾವ ಸಭೆಗೆಂದು ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದುದನ್ನು ನೋಡಿ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಹಾಳೆಗಳನ್ನೂ ಕೊಟ್ಟೆ.

ಅವರು ಬೈಯುತ್ತಾರೆಂದು ಕಾದೆ. ಅವರು ಹಾಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟು ಗುರುತುಗಳನ್ನು ಒಂದೊಂದಾಗಿ ಹೋಲಿಸಿದರು.

"ನೀನು ನೋಡ್ದಾಗ ನಿಂಗೆ ಕಾಣ್ತೇನಮ್ಮ?"

"ಕಾಣ್ತು ಮಾವ."

"ಹ್ಞೂಂ. ನಂಗೂ ಕಾಣ್ತು. ಗೊತ್ತಿದ್ದೋರಿಗೆಲ್ಲ ಕಾಣತ್ತೆ."

"ಹಡಗಿನ ತಾತ ಆದ್ರೂ ಬೇಡ ಅನ್ಬಹುದಿತ್ತಲ್ವಾ? ಕಟ್ಟುಪಾಡು ಅವರಿಗೂ ಗೊತ್ತಲ್ಲ?"

"ಮೂರು ವರ್ಷ ಬರೀ ಬೂದಿ ನೋಡಿದ್ದಾನೆ ಅವನು. ಹಸಿದೋನ ಮುಂದೆ ತಟ್ಟೆ ಇಟ್ಟೆ ನೀನು. ಅವನೇನು ಮಾಡ್ತಾನೆ?"

ಅದಕ್ಕಿಂತ ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು. ಕಾರ್ಯದರ್ಶಿಗೆ ಅವರೇ ಫೋನ್ ಮಾಡಿ, "ಅದು ಲೆಕ್ಕಕ್ಕಿಲ್ಲ ಸ್ವಾಮಿ, ಅಕ್ಷರ ಮೊದಲೇ ಹೊರಬಿದ್ದಿತ್ತು, ನಮ್ಮ ಕಡೆಯಿಂದ್ಲೇ," ಎಂದರು. ಯಾರಿಂದ ಎಂದು ಹೇಳಲಿಲ್ಲ. ಹಡಗಿನ ತಾತನಿಗೆ ಬರೆಯಲು ಮಾತ್ರ ನನ್ನನ್ನು ಕರೆಯಲಿಲ್ಲ. ನಡುಗುವ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿ, ಒತ್ತಿದ್ದನ್ನು ಅಳಿಸಿ, ಒಂದು ಗಂಟೆ ಕೂತು ನಾಲ್ಕು ಸಾಲು ತಾವೇ ಬರೆದರು.

ಉಳಿದದ್ದು ಏಳು ಸಂಜೆ. "ಇರ್ಲಿ ಬಿಡಿ ಮಾವ, ಇನ್ನೂ ಎರಡು ತಿಂಗಳಿರ್ಲಿ ತಂತಿ," ಎಂದೆ. ಅವರು ತಲೆಯಾಡಿಸಿದರು. "ಗುಡುಗಿನ ಕಾಲ ಬಂತಮ್ಮ. ಇನ್ನು ಇದ್ರೂ ಅಷ್ಟೇ." ಎಲ್ಲೋ ಸಾವಿರ ಮೈಲಿಯಾಚೆ ಹೊಡೆದ ಸಿಡಿಲೂ ಈ ತರಂಗಗಳಲ್ಲಿ ಚಟಪಟ ಸಿಡಿಯುತ್ತದಂತೆ. ಏಳು ಸಂಜೆಯೂ ಕಳಿಸಿದರು. ಹೊಸ ಚೀಟಿ, ಹೊಸ ಅಕ್ಷರ. ಆ ಕಡೆಯಿಂದ ದಿನವೂ ಅದೇ ಉತ್ತರ: ಬರೀ ಸಿಡಿಲು, ಬೇರೇನೂ ಇಲ್ಲ.

ಒಂದನೇ ತಾರೀಖು ಗಂಡ ಕಂಬ ಹತ್ತಿ ತಂತಿ ಬಿಚ್ಚಿದರು. ಮಾವ ಕೆಳಗೆ ನಿಂತು ಮೊಣಕೈಗೂ ಅಂಗೈಗೂ ಅದನ್ನು ಸುತ್ತಿಕೊಂಡರು. ನಾನು ಮಗುವನ್ನು ಎತ್ತಿಕೊಂಡು ತಾರಸಿಗೆ ಮೊದಲ ಸಲ ನಿರಾತಂಕವಾಗಿ ಹೋಗಬಹುದಿತ್ತು. ಹೋಗಲಿಲ್ಲ.

ಎಂಟು ತಿಂಗಳಾದ ಮೇಲೆ ಕಾಯಿಲೆ ಗಂಟಲಿಗೂ ಇಳಿಯಿತು. ಕುಡಿದ ನೀರು ಶ್ವಾಸಕೋಶಕ್ಕೆ ಹೋಗಿ, ಆಸ್ಪತ್ರೆಯಲ್ಲಿ ಹನ್ನೊಂದು ದಿನ ನರಳಿ ಮಾವ ತೀರಿಕೊಂಡರು. ರೇಡಿಯೋ ಮಾತು ಒಮ್ಮೆಯೂ ಎತ್ತಲಿಲ್ಲ.

ಸುದ್ದಿ ತಿಳಿಸಿ, ಆ ಸಾಲು ಸೇರಿಸಿದವಳು ನಾನೇ ಎಂದೂ ಬರೆದಾಗ ಹಡಗಿನ ತಾತ ಉದ್ದದ ಮೇಲ್ ಬರೆದರು. ಕೊನೆಯಲ್ಲಿ ಹೀಗಿತ್ತು: 'ಅವನು ರದ್ದು ಮಾಡಿದ, ಮಾಡಲಿ. ಆದರೆ ಆ ದಿನ ನಾನು ಕಂಡದ್ದು ನಿಜ. ನೀನು ಹೇಳದೇ ಇದ್ದರೂ ಕಾಣುತ್ತಿತ್ತು, ಅಲ್ಲವೇ ಮಗಳೇ? ನೀನೂ ಆ ಚಿತ್ರ ನೋಡಿದ್ದೀಯಲ್ಲ. ನನಗೂ ವಯಸ್ಸಾಯಿತು. ಒಂದು ಸಾಲು ಬರೆ.'

ಹೌದು ಎಂದು ಬರೆದುಬಿಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ. ನಾಲ್ಕು ದಿನ ಬರೆದೆ, ಅಳಿಸಿದೆ. ಐದನೇ ದಿನ, ಮಗು ಮಲಗಿದ ಮಧ್ಯಾಹ್ನ, ಗಂಡ ಹಾಕಿದ ಪೆನ್ಸಿಲ್ ಗುರುತುಗಳ ಸಂಗತಿ ಇದ್ದದ್ದು ಇದ್ದ ಹಾಗೆ ಬರೆದು, 'ಮುಟ್ಟಿರಲಿಲ್ಲ ತಾತ, ಕ್ಷಮಿಸಿ' ಎಂದು ಕಳಿಸಿದೆ.

ಐದು ವಾರವಾಯಿತು. ಆ ಕಡೆಯಿಂದ ಏನೂ ಬಂದಿಲ್ಲ.