ಕಾಣದ ಮುದುಕಿಯ ಮಂಚ

ಮಂಚವನ್ನು ಮರದ ಪೆಟ್ಟಿಗೆಗೆ ತುಂಬಿ ಮೊಳೆ ಹೊಡೆಯುವ ಮೊದಲು ಬಡಗಿ ಅದರ ಮೇಲೆ ತಾನೇ ಮಲಗಿ ನೋಡಬೇಕು. ಅದು ಸರ್ಕಾರಿ ಗೋದಾಮಿನ ನಿಯಮ. ಬಡ ದೇಶದ ಆಸ್ಪತ್ರೆಗಳಿಗೆ ಪುಕ್ಕಟೆಯಾಗಿ ಹೋಗುವ ಮಂಚ ಅಲ್ಲಾಡಿದರೆ ನಮ್ಮ ದೇಶದ ಮಾನವೂ ಅಲ್ಲಾಡುತ್ತದಂತೆ. ಮೇಸ್ತ್ರಿ ಮಂಚದ ಹಿಡಿ ತಿರುಗಿಸಿದರೆ ಬಡಗಿಯ ತಲೆ ಮಹಾರಾಜರ ಠೀವಿಯಲ್ಲಿ ಮೇಲೇಳುತ್ತಿತ್ತು. ಸಂಬಳ ತೆಗೆದುಕೊಂಡು ಮಲಗುವವರು ಎಲ್ಲ ಇಲಾಖೆಯಲ್ಲೂ ಇದ್ದಾರೆ. ಮಲಗಿದ್ದಕ್ಕೇ ಸಂಬಳ ಪಡೆಯುವವನು ಇವನೊಬ್ಬನೇ.

ಸೊಂಟ ಮುರಿದುಕೊಂಡು ಅವನ ಅಮ್ಮ ಊರಿನ ಆಸ್ಪತ್ರೆ ಸೇರಿದ ಮೇಲೆ ಆ ಸುಖ ಮುಳ್ಳಾಯಿತು. ಅಲ್ಲಿನ ಮಂಚ ನಡುವೆ ಜೋಲು ಬಿದ್ದಿತ್ತು.

"ಬಾವಿಗೆ ಬಿದ್ದ ಹಾಗಾಗುತ್ತೆ ಕಣೋ. ನೀನು ದಿನಾ ಮಲಗ್ತೀಯಲ್ಲ, ಅಂಥದ್ದೊಂದು ನನಗೆ ಸಿಗಲ್ವಾ?"

ಅಂದಿನಿಂದ ಬಡಗಿಯ ತಲೆಯೊಳಗೆ ಒಬ್ಬಳು ಮುದುಕಿ ಬಿಡಾರ ಹೂಡಿದಳು. ಸಮುದ್ರದಾಚೆಯವಳು, ಅಮ್ಮನ ಹಾಗೆಯೇ ಸೊಂಟ ಮುರಿದವಳು. ಅವನ ಮಂಚದಲ್ಲಿ ದಿಂಬಿಗೊರಗಿ, ಕಾಲ ಮೇಲೆ ಕಾಲು ಹಾಕಿ ನಗುವವಳು. ಸೊಂಟ ಮುರಿದವಳು ಕಾಲ ಮೇಲೆ ಕಾಲು ಹಾಕುವುದು ಹೇಗೆಂದು ಹೊಟ್ಟೆಕಿಚ್ಚು ವಿಚಾರಿಸುವುದಿಲ್ಲ.

ಹೊರದೇಶಗಳಿಗೆ ಕೊಡುವ ನೆರವನ್ನು ಏರಿಸಬೇಕೋ ಇಳಿಸಬೇಕೋ ಎಂದು ಸರ್ಕಾರ ತಲೆ ಕೆರೆದುಕೊಳ್ಳುತ್ತಿದ್ದ ಕಾಲ. ಕ್ಷೌರದ ಅಂಗಡಿಯಲ್ಲಿ ಬಡಗಿ ಅರ್ಧ ಗಡ್ಡದಲ್ಲೇ ಅರ್ಥಮಂತ್ರಿಯಾದ.

"ಮನೆಗೆ ಮಾರಿ, ಊರಿಗೆ ಉಪಕಾರಿ! ಒಂದು ಮಂಚಾನೂ ಹೊರಗೆ ಹೋಗಬಾರದು."

"ಅಲ್ಲಯ್ಯಾ, ಅಲ್ಲಿ ರೋಗಿಗಳು ನೆಲದ ಮೇಲೆ ಮಲಗ್ತಾರಂತೆ," ಎಂದ ಕ್ಷೌರಿಕ.

"ನೆಲ ಆದ್ರೂ ಸಮನಾಗಿರುತ್ತಲ್ಲ!"

ಮನೆಯಲ್ಲಿ ಹೆಂಡತಿ ಕೇಳಿದಳು: "ನೆರವು ನಿಂತ್ರೆ ಅತ್ತೆಗೆ ಮಂಚ ಬರುತ್ತೆ ಅಂತ ನಿಮಗೆ ಹೇಳಿದ್ಯಾರು?"

"ಹೇಳೋದೇನು? ಸಮುದ್ರದಾಚೆ ಮುದುಕಿಗೆ ಹೋಗದಿದ್ರೆ ನಮಗೇ ತಾನೇ!"

ನೆರವು ನಿಂತೇಹೋಯಿತು. ಬಡಗಿ ಚುನಾವಣೆ ಗೆದ್ದವನ ಹಾಗೆ ಮೇಸ್ತ್ರಿಯ ಮುಂದೆ ನಿಂತ.

"ಅಮ್ಮನ ವಾರ್ಡಿಗೆ ಮಂಚ ಯಾವಾಗ ಕಳಿಸ್ತೀರಿ?"

"ಅಲ್ಲಿಗ್ಯಾಕೆ? ಆ ಇಲಾಖೆ ಬೇರೆ, ಈ ಇಲಾಖೆ ಬೇರೆ. ಎಲ್ಲೂ ಕಳಿಸಬೇಡಿ, ಇಲ್ಲೇ ಇರಲಿ ಅಂತ ಆದೇಶ."

ಸಂಜೆ ಬಡಗಿ ಅಮ್ಮನಿಗೆ, ಸಮುದ್ರದಾಚೆಯ ಮುದುಕಿಯನ್ನೂ ಸೇರಿಸಿ, ಎಲ್ಲ ವಿಷಯ ಹೇಳಿದ.

"ನನಗಿಲ್ಲ, ಸರಿ," ಎಂದಳು ಅಮ್ಮ, ಮಂಚದ ಹಳ್ಳದೊಳಗಿನಿಂದಲೇ. "ಅವಳಿಗೂ ಇಲ್ವಾ? ಮತ್ತೆ ಯಾರೋ ಮಲಗೋದು?"

ಉತ್ತರ ಮರುದಿನ ಗೋದಾಮಿನಲ್ಲಿ ಸಿಕ್ಕಿತು. ಪೆಟ್ಟಿಗೆ ಸೇರದೆ ಉಳಿದಿದ್ದ ಕೊನೆಯ ಮಂಚದ ನಟ್ಟನಡುವೆ ಒಂದು ಕಂದು ಬೆಕ್ಕು, ನಾಲ್ಕೂ ಕಾಲು ಚಾಚಿ, ಹೊಟ್ಟೆ ಮೇಲೆ ಮಾಡಿ, ಇಲಾಖೆಯೇ ತನ್ನದೆಂಬಂತೆ ಗೊರಕೆ ಹೊಡೆಯುತ್ತಿತ್ತು.

"ಏಳೇ ಮೇಲೆ, ಮೂದೇವಿ!" ಎಂದು ಬಡಗಿ ಪೊರಕೆ ಎತ್ತಿಕೊಂಡು ಓಡಿದ. "ಅದು ಆ ಮುದುಕೀದು!"