ಎಲ್ಲೆ ಕಟ್ಟಿದ ಊರಿಗೆ ಎರಡು ಬಸ್ಸು

ಈಚಿನ ವಿಧಾನಸಭಾ ಚುನಾವಣೆಗೆ ಇನ್ನೂ ಎರಡು ತಿಂಗಳಿತ್ತು. ಬಂಗಾರಪೇಟೆಯ ನಮ್ಮ ಪಕ್ಷದ ಕಚೇರಿಯಲ್ಲಿ ಕಚೇರಿ ಕಾರ್ಯದರ್ಶಿಯಾಗಿ ನನಗೆ ಅದು ಹದಿನೆಂಟನೇ ವರ್ಷ. ಇದು ಭಾಷಣ ಮಾಡುವ ಹುದ್ದೆಯಲ್ಲ. ಬಸ್ಸು ಗೊತ್ತು ಮಾಡುವುದು, ಪಟ್ಟಿ ಟೈಪ್ ಮಾಡುವುದು, ಮೇಲಿನವರ ಬೈಗುಳವನ್ನು ಸ್ವಲ್ಪ ತಣ್ಣಗೆ ಮಾಡಿ ಕೆಳಗಿನವರಿಗೆ ಮುಟ್ಟಿಸುವುದು, ಇಷ್ಟೇ ಕೆಲಸ. ನಾನು ಹುಟ್ಟಿ ಬೆಳೆದದ್ದು ಉರಿಗಾಂನ ಗಣಿ ಕಾರ್ಮಿಕರ ಸಾಲುಮನೆಯಲ್ಲಿ. ನನ್ನ ಮಟ್ಟಿಗೆ ಹಳ್ಳಿ ಎಂದರೆ ಒಂದು ಬೂತ್ ನಂಬರ್.

ರಾಜ್ಯ ನಾಯಕರ ಸಮಾವೇಶ ಉರಿಗಾಂ ಮೈದಾನದಲ್ಲಿ ಮಂಗಳವಾರ ನಡೆಯಬೇಕೆಂದು ಬೆಂಗಳೂರಿನಿಂದ ಆದೇಶ ಬಂತು. ಪಂಚಾಂಗ ತೆಗೆಸಿ, ಗಳಿಗೆ ನೋಡಿಸಿ ಇಟ್ಟ ದಿನ. ನಮ್ಮದು ದೇವರು, ಧರ್ಮ ಎಂದೇ ಮತ ಕೇಳುವ ಪಕ್ಷ; ಗಳಿಗೆ ನೋಡದೆ ಚಪ್ಪರದ ಕಂಬವನ್ನೂ ನೆಡುವುದಿಲ್ಲ. ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನಿಂದ ಎರಡು ಬಸ್ಸು ಜನ ಬರಬೇಕೆಂದು ನಾನೇ ಪಟ್ಟಿಯಲ್ಲಿ ಬರೆದಿದ್ದೆ. ಅಲ್ಲಿನ ಬೂತ್ ಅಧ್ಯಕ್ಷೆ ಮುನಿವೆಂಕಟಮ್ಮ. ಹಾಲಿನ ಡೈರಿಯ ಕಾರ್ಯದರ್ಶಿ, ಇಪ್ಪತ್ತು ವರ್ಷದಿಂದ ಪಕ್ಷಕ್ಕೆ ದುಡಿದವರು. ಹೋಬಳಿ ಮಹಿಳಾ ಘಟಕದ ಅಧ್ಯಕ್ಷೆ ಆಗಬೇಕೆಂಬುದು ಅವರ ಬಹುದಿನದ ಆಸೆ. ಈ ಸಲ ಹೊಸ ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರಿತ್ತು, ಸಮಾವೇಶದ ವೇದಿಕೆಯಲ್ಲೇ ಓದುವುದೆಂದು ತೀರ್ಮಾನವೂ ಆಗಿತ್ತು.

ಭಾನುವಾರ ಅವರ ಫೋನ್ ಬಂತು.

“ಅಣ್ಣಾ, ನಮ್ಮೂರ್ನಾಗೆ ಇವತ್ತು ಗಂಗಮ್ಮನ ಎಲ್ಲೆ ಕಟ್ಬುಟ್ರು. ಬುಧವಾರ ಬೆಳಿಗ್ಗೆಗಂಟ ಯಾರೂ ಊರು ದಾಟಂಗಿಲ್ಲ. ಬಸ್ಸು ಕಳಿಸ್ಬೇಡಿ.”

ಎಲ್ಲೆ ಕಟ್ಟುವುದು ಎಂದರೇನೆಂದು ಅವರೇ ಬಿಡಿಸಿ ಹೇಳಿದರು. ಪೂಜಾರಿ ಊರದೇವತೆ ಗಂಗಮ್ಮನ ಅಪ್ಪಣೆ ಕೇಳುತ್ತಾನೆ, ತಮಟೆ ಹೊಡೆದು ಊರಿಗೆಲ್ಲ ಸಾರುತ್ತಾರೆ, ಎಲ್ಲೆಕಲ್ಲಿಗೆ ಬೇವು ಕಟ್ಟಿ ಅರಿಶಿನದ ನೀರು ಹುಯ್ಯುತ್ತಾರೆ. ಅಲ್ಲಿಂದಾಚೆ ಒಳಗಿದ್ದವರು ಹೊರಗೆ ಹೋಗುವಂತಿಲ್ಲ. ಹೊರಗಿನವರು ಒಳಗೆ ಬಂದರೆ ಹಬ್ಬ ಮುಗಿಯುವವರೆಗೆ ಅಲ್ಲೇ ಇರಬೇಕು. ಮನೆಗಳಲ್ಲಿ ಒಗ್ಗರಣೆ ಹಾಕುವುದಿಲ್ಲ. ಹಾಲು ಕೂಡ ಎಲ್ಲೆ ದಾಟುವುದಿಲ್ಲ. ಒಬ್ಬರು ಮುರಿದರೂ ಎಲ್ಲ ಮೊದಲಿಂದ ಆಗಬೇಕು. ದಿನ ಯಾವುದೆಂದು ಅಮ್ಮನೇ ಹೇಳುವುದರಿಂದ ಇದು ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ.

ಜಿಲ್ಲಾ ಪ್ರಧಾನ ಕಾರ್ಯದರ್ಶಿಗೆ ವಿಷಯ ಮುಟ್ಟಿಸಿದೆ. ಹಣೆಯಲ್ಲಿ ಸದಾ ಕುಂಕುಮವಿರುವ ಮನುಷ್ಯ. “ಅದೆಲ್ಲ ಹಳ್ಳಿ ಮೂಢನಂಬಿಕೆ ಕಣ್ರೀ. ಧರ್ಮ ಬೇರೆ, ಇದು ಬೇರೆ. ಬಸ್ಸು ತುಂಬಿದ್ರೆ ಅವರ ಹೆಸರು ಇರುತ್ತೆ, ಇಲ್ಲದಿದ್ರೆ ಇಲ್ಲ,” ಎಂದರು.

ಎದುರು ಮಾತಾಡಬಹುದಿತ್ತು. ಆಡಲಿಲ್ಲ. ಊರಿನವರ ಎದುರಿಗೆ ನಿಂತು ಪುಸಲಾಯಿಸಿದರೆ ಹತ್ತಿಪ್ಪತ್ತು ಜನರಾದರೂ ಬರುತ್ತಾರೆ, ಆಕೆಯ ಹುದ್ದೆಯೂ ಉಳಿಯುತ್ತದೆ ಎಂದು ನನ್ನ ಲೆಕ್ಕ. ಮಂಗಳವಾರ ಬೆಳಿಗ್ಗೆ ಎರಡು ಬಸ್ಸು ಕಟ್ಟಿಕೊಂಡು ನಾನೇ ಹೊರಟೆ. ದಾರಿಯುದ್ದಕ್ಕೂ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಎಲ್ಲಿದೀರಿ, ಎಷ್ಟು ಜನ, ಫೋಟೋ ಕಳಿಸಿ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಎಲ್ಲೆಕಲ್ಲಿನ ಒಳಗೆ ಮುನಿವೆಂಕಟಮ್ಮ ನಿಂತಿದ್ದರು, ಹಿಂದೆ ಊರಿನ ಹೆಂಗಸರು. ಹೊರಗೆ ನಾನು. ನಡುವೆ ಒಂದು ಮಾರು ನೆಲ, ಅದರ ಮೇಲೆ ಅರಿಶಿನದ ನೀರು ಒಣಗಿತ್ತು.

“ಅಕ್ಕಾ, ಮೂರು ಗಂಟೆ ಕೆಲಸ. ಸಂಜೆಯೊಳಗೆ ತಂದು ಬಿಡ್ತೀನಿ.”

“ಆಗಾಕಿಲ್ಲ ಅಣ್ಣಾ.”

“ನಿಮ್ಮ ಹೆಸರು ವೇದಿಕೆ ಮೇಲೆ ಓದ್ತಾರೆ. ಬಸ್ಸು ಖಾಲಿ ಹೋದ್ರೆ ಆ ಹೆಸರು ಹೊಡೆದು ಹಾಕ್ತಾರೆ. ನನ್ನ ಕೈಲಿ ಏನೂ ಇಲ್ಲ.”

ಇದನ್ನು ಅಷ್ಟೂ ಜನರ ಮುಂದೆ ಹೇಳಬಾರದಿತ್ತು. ಹೆಂಗಸರೆಲ್ಲ ಅವರ ಮುಖವನ್ನೇ ನೋಡಿದರು. ಅವರು ಸೆರಗಿನ ತುದಿ ಹಿಡಿದು ಬಸ್ಸಿನ ಕಡೆ ಒಮ್ಮೆ ನೋಡಿದರು. ಆಸೆ ಇತ್ತು, ಕಣ್ಣಲ್ಲೇ ಕಾಣುತ್ತಿತ್ತು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ನಾನು ಸುಮ್ಮನಿರು ಎನ್ನಲಿಲ್ಲ.

“ನೀವೇ ಒಳೀಕೆ ಬನ್ನಿ,” ಎಂದರು ಕೊನೆಗೆ. “ನಾಳೆಗಂಟ ಇದ್ದು ಉಂಡ್ಕಂಡು ಓಗಿ. ನಾ ಮಾತ್ರ ಬರಾಕಿಲ್ಲ.”

ಖಾಲಿ ಬಸ್ಸುಗಳು ವಾಪಸು ಬಂದವು. ಮೈದಾನದ ಪಕ್ಕದ ಕೊಠಡಿಯಲ್ಲಿ ಪ್ರಧಾನ ಕಾರ್ಯದರ್ಶಿ ಪಟ್ಟಿ ಕೇಳಿದರು. ಪೆನ್ನು ಕೊಟ್ಟವನು ನಾನೇ. ಅವರು ಮುನಿವೆಂಕಟಮ್ಮನ ಹೆಸರಿನ ಮೇಲೆ ಗೀಟು ಎಳೆದರು. ಬಂಗಾರಪೇಟೆಯ ಕಂಟ್ರಾಕ್ಟರ್ ಒಬ್ಬರ ಹೆಂಡತಿಯ ಹೆಸರನ್ನು ಅಲ್ಲಿ ಸೇರಿಸಿ ನಾನು ಹೊಸ ಪಟ್ಟಿ ಟೈಪ್ ಮಾಡಿದೆ. ವೇದಿಕೆಯಲ್ಲಿ ಶಂಖ ಊದಿಸಿ ಅದನ್ನು ಓದಿದರು, ಜನ ಚಪ್ಪಾಳೆ ತಟ್ಟಿದರು.

ಬುಧವಾರ ಎಲ್ಲೆ ಬಿಚ್ಚಿದ ತಕ್ಷಣ ಸಿಕ್ಕ ಬಸ್ಸಿಗೇ ಮುನಿವೆಂಕಟಮ್ಮ ಕಚೇರಿಗೆ ಬಂದರು. ಬೇವಿನೆಲೆ, ತಂಬಿಟ್ಟಿನ ಪ್ರಸಾದ ನನ್ನ ಮೇಜಿನ ಮೇಲಿಟ್ಟು ನೇರವಾಗಿ ಕೇಳಿದರು, “ನನ್ನೆಸ್ರು ಓದುದ್ರಾ?”

ಇಲ್ಲ ಎಂದೆ. ಬೇರೆಯವರದು ಓದಿದರು ಎಂದೆ. ಟೈಪ್ ಮಾಡಿದ್ದು ನಾನು ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ಅವರು ಪ್ರಸಾದವನ್ನು ನನ್ನ ಕಡೆ ಸರಿಸಿದರು. “ಇಪ್ಪತ್ತೊರ್ಸ ಮನೆಮನೆಗೆ ಓಗಿ ಆ ಅಮ್ಮನ ಎಸ್ರೇಳೇ ಅಲ್ವಾ ಅಣ್ಣಾ ನಿಮ್ಗೆ ಓಟು ಕೇಳಿದ್ದು? ಆಗ ಅಮ್ಮ ಬೇಕಾಗಿತ್ತು. ಈಗ ಅಮ್ಮನ ಮಾತು ಕೇಳಿದ್ದು ನನ್ ತಪ್ಪಾ?”

ನನ್ನ ಬಳಿ ಇದ್ದದ್ದು ಕಚೇರಿಯ ಬುದ್ಧಿ ಮಾತ್ರ. ಅವರು ಏಳುತ್ತಿದ್ದಂತೆ ನನ್ನ ಬಾಯಿಂದ ಬಂದದ್ದು, “ಅಕ್ಕಾ, ಬೂತ್ ಪಟ್ಟಿ ಕೊಟ್ಟು ಹೋಗಿ.” ಯಾವ ಮನೆಯಲ್ಲಿ ಎಷ್ಟು ಮತ, ಯಾರು ಯಾರ ಮಾತು ಕೇಳುತ್ತಾರೆ ಎಂದು ಅವರು ವರ್ಷಾನುಗಟ್ಟಲೆ ಪೆನ್ಸಿಲ್‌ನಲ್ಲಿ ಬರೆದಿಟ್ಟ ಮತದಾರರ ಪಟ್ಟಿ ಅದು, ನಮ್ಮ ಕಚೇರಿಯಲ್ಲಿ ಅದರ ನಕಲು ಇರಲಿಲ್ಲ. ಆ ಮಾತು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

“ಅದು ನಮ್ಮೂರ್ದು,” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಮತದಾನದ ದಿನ ಆ ಊರಿನಲ್ಲಿ ನಮ್ಮ ಟೇಬಲ್ ಹಾಕಲು ಯಾರೂ ಸಿಗಲಿಲ್ಲ. ಮತಗಟ್ಟೆಯಿಂದ ದೂರದಲ್ಲಿ ಪ್ರತಿ ಪಕ್ಷವೂ ಒಂದು ಟೇಬಲ್ ಹಾಕಿ, ಮತದಾರರಿಗೆ ಅವರ ಕ್ರಮಸಂಖ್ಯೆ ಬರೆದ ಚೀಟಿ ಕೊಡುತ್ತದೆ. ಕೊನೆಗೆ ನಾನೇ ಹೋಗಿ ಕೂತೆ. ಯಾರೂ ಒರಟಾಗಿ ಮಾತಾಡಲಿಲ್ಲ. ಮುನಿವೆಂಕಟಮ್ಮನೇ ಒಂದು ಚೊಂಬು ಮಜ್ಜಿಗೆ ತಂದು, “ಬಿಸಿಲಾಗೆ ಕುಂತಿದ್ದೀರಿ, ಕುಡೀರಿ,” ಎಂದರು. ಚೀಟಿ ಮುಂದೆ ಹಿಡಿದೆ. ಅದನ್ನು ಮುಟ್ಟದೆ ಮತಗಟ್ಟೆಯ ಕಡೆ ನಡೆದರು. ಅವರ ಹಿಂದೆ ಬಂದ ಹೆಂಗಸರೂ ಹಾಗೆಯೇ ನಡೆದರು.

ಜನ ಸಿಟ್ಟಾದರೆ ಬೈಯುತ್ತಾರೆ, ಬೈದವರನ್ನು ಸಮಾಧಾನ ಮಾಡಬಹುದು ಎಂದು ಹದಿನೆಂಟು ವರ್ಷ ನಂಬಿದ್ದೆ. ಬೈಯುವುದನ್ನೂ ಬಿಟ್ಟವರ ಮುಂದೆ ನನ್ನಂಥವನಿಗೆ ಮಾಡಲು ಏನೂ ಕೆಲಸವಿಲ್ಲ ಎಂಬುದನ್ನು ಆ ದಿನ ಕಲಿತೆ. ಸಂಜೆ ಆರಕ್ಕೆ ಚೀಟಿಗಳನ್ನು ಕಟ್ಟಿದೆ. ಬೆಳಿಗ್ಗೆ ತಂದಷ್ಟೂ ಹಾಗೇ ಇದ್ದವು.